ಸಮುದಾಯ ಆಧಾರಿತ ಪುನರ್ವಸತಿ ತಾಣಗಳ ವಿನ್ಯಾಸ

ಚಲನವಲನದ ತೊಂದರೆಯುಳ್ಳವರಿಗೆ ಅವರ ಊರಿನಲ್ಲಿಯೇ ಚಿಕಿತ್ಸೆ, ತರಬೇತಿ ಮತ್ತು ಒಡನಾಟ ದೊರಕಿಸುವ ಸ್ಥಳಗಳನ್ನು ರೂಪಿಸುವ ಕ್ರಮ. 1978ರ ಆಲ್ಮಾ ಆಟಾ ಘೋಷಣೆಯ ನಂತರ ವಿಶ್ವ ಆರೋಗ್ಯ ಸಂಸ್ಥೆ ಈ ಪರಿಕಲ್ಪನೆಯನ್ನು ಮುಂದಿಟ್ಟಿತು. 2010ರಲ್ಲಿ ಮಾರ್ಗಸೂಚಿ ಹೊರತಂದಿತು.

ಕರ್ನಾಟಕದಲ್ಲಿ: ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯನ್ನು ಸ್ಥಾಪಿಸಿದರು. ಕೃತಕ ಅವಯವ ಮತ್ತು ಸಾಧನಗಳ ಕ್ಷೇತ್ರದ ಮೊಬಿಲಿಟಿ ಇಂಡಿಯಾ 1994ರಲ್ಲಿ ಆರಂಭವಾಯಿತು. ಸರ್ಕಾರದ ಯೋಜನೆಯಲ್ಲಿ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ.

ವಿನ್ಯಾಸದ ಅಂಶಗಳು: ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು, ಒಂದೂವರೆ ಅಡಿ ಎತ್ತರದ ಜಗಲಿಗೆ 18 ಅಡಿ ಉದ್ದದ ಇಳಿಜಾರು ಬೇಕು. ಬಾಗಿಲು 900 ಮಿ.ಮೀ. ಅಗಲವಿದ್ದು, ಶೌಚಾಲಯದಲ್ಲಿ ಗಾಲಿಕುರ್ಚಿ ತಿರುಗಲು 1,500 ಮಿ.ಮೀ. ವ್ಯಾಸದ ಜಾಗವಿರಬೇಕು. ಎರಡೂ ಬದಿ ಕೈಹಿಡಿಗಳು, ಜಾರದ ನೆಲ, ನಡಿಗೆ ಅಭ್ಯಾಸದ ಸಮಾನಾಂತರ ಸರಳುಗಳು, ಆರೈಕೆದಾರರಿಗೆ ಆಸನ ಅವಶ್ಯ.

ಚನ್ನರಾಯಪಟ್ಟಣದಂಥ ತಾಲ್ಲೂಕಿನಲ್ಲಿ: ಹಿರೀಸಾವೆ, ನುಗ್ಗೇಹಳ್ಳಿ, ಬಾಗೂರು, ಶ್ರವಣಬೆಳಗೊಳ ಹೋಬಳಿಗಳ ಹಳ್ಳಿಗರಿಗೆ ಪಟ್ಟಣದ ಆಸ್ಪತ್ರೆಗೆ ಪದೇ ಪದೇ ಹೋಗಿಬರುವುದೇ ಕಷ್ಟ. ಆದ್ದರಿಂದ ಬಸ್ ನಿಲ್ದಾಣಕ್ಕೆ ಸಮೀಪದ ಪಂಚಾಯಿತಿ ಅಥವಾ ಶಾಲಾ ಕಟ್ಟಡವನ್ನು ಮಾರ್ಪಡಿಸುವುದು ಹೊಸ ಕಟ್ಟಡಕ್ಕಿಂತ ಮಿತವ್ಯಯದ ದಾರಿ. ನೀಲನಕ್ಷೆಯ ಹಂತದಲ್ಲೇ ಬಳಕೆದಾರರನ್ನು ಕೇಳಬೇಕು. ಒಂದೇ ಮೆಟ್ಟಿಲು ಇಡೀ ಕಟ್ಟಡವನ್ನು ನಿರುಪಯುಕ್ತಗೊಳಿಸಬಲ್ಲದು.

ಸಾರ್ವಜನಿಕ ಕಟ್ಟಡಗಳಲ್ಲಿ ಸುಗಮ ಪ್ರವೇಶವನ್ನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಕಡ್ಡಾಯಗೊಳಿಸಿದೆ.