ಕೈದಿಯ ಅಹವಾಲಿಗೆ ಎಷ್ಟು ಹಾಳೆ?



ಊದ್ ಮೇಥಾದ ಈ ಸಭೆಗೆ ವೈದ್ಯನನ್ನು ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತು ಬರುವುದೆಂದು ತಾವು ನಿರೀಕ್ಷಿಸಿರಬಹುದು. ನಾವು ಆರಿಸಿಕೊಂಡ ವಿಷಯ ಬೇರೆ: ಸೆರೆಯಲ್ಲಿರುವವನು ನ್ಯಾಯಾಲಯಕ್ಕೆ ಬರೆಯುವ ಮನವಿ ಎಷ್ಟು ಉದ್ದವಿರಬಹುದು?

ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ಇದಕ್ಕೆ ಲೆಕ್ಕವಿದೆ. ಮುದ್ರಿತ ಮನವಿಗೆ 9,000 ಪದ. ಶುಲ್ಕ ಕಟ್ಟಲಾರದ ಬಡವರು ಮತ್ತು ಕೈದಿಗಳು ಸಾಮಾನ್ಯ ಹಾಳೆಯಲ್ಲಿ ಸಲ್ಲಿಸಿದರೆ 40 ಪುಟ. ಮಿತಿಯೇ ಅನ್ಯಾಯವೆಂದು ನಾವು ಹೇಳಲಾರೆವು. ನ್ಯಾಯಮೂರ್ತಿಗಳಿಗೂ ದಿನಕ್ಕೆ 24 ಗಂಟೆಗಳೇ. ಆದರೆ ಸಂಕ್ಷೇಪವೆಂಬುದು ಕಲಿತವರ ವಿದ್ಯೆ. ಯಾವುದನ್ನು ಬಿಡಬಹುದೆಂದು ವಕೀಲನಿಗೆ ತಿಳಿದಿರುತ್ತದೆ. ಕಾನೂನು ಓದದ ಕೈದಿ ಎಲ್ಲವನ್ನೂ ಬರೆಯುತ್ತಾನೆ, ಇಲ್ಲವೇ ಮುಖ್ಯವಾದದ್ದನ್ನೇ ಬಿಡುತ್ತಾನೆ. ಅರ್ಜಿಯೊಂದನ್ನು ಅರಬ್ಬಿಯಲ್ಲಿ ಸರಿಯಾಗಿ ಬರೆಸಲು ಟೈಪಿಂಗ್ ಸೆಂಟರಿಗೆ ಹೋಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1962ರಲ್ಲಿ ಫ್ಲಾರಿಡಾದ ಕೈದಿ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಸೆರೆಮನೆಯ ಗೆರೆಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು ಐದೇ ಪುಟ. ಮರುವರ್ಷ ಬಡ ಆರೋಪಿಗೆ ಸರ್ಕಾರವೇ ವಕೀಲನನ್ನು ಒದಗಿಸಬೇಕೆಂಬ ತೀರ್ಪು ಬಂದಿತು. ಅಂಥ ಅದೃಷ್ಟ ಎಲ್ಲರದಲ್ಲ.

ಭಾರತದಲ್ಲಿ ಕೈದಿಯು ಮೇಲ್ಮನವಿಯನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟರೆ ಸಾಕು, ಅವರು ಅದನ್ನು ನ್ಯಾಯಾಲಯಕ್ಕೆ ಕಳುಹಿಸಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯ 383ನೆಯ ಕಲಮಿನ ಈ ಏರ್ಪಾಡು ಈಗಿನ ಸಂಹಿತೆಯಲ್ಲೂ ಉಳಿದಿದೆ. ಆದರೆ ದೂರು ಜೈಲಿನವರ ಮೇಲೆಯೇ ಇದ್ದರೆ? ತಿಹಾರ್ ಜೈಲಿನ ಸುನಿಲ್ ಬಾತ್ರಾ, ಸಹಕೈದಿಯೊಬ್ಬನಿಗೆ ವಾರ್ಡರ್ ಕೊಟ್ಟ ಹಿಂಸೆಯನ್ನು ಕುರಿತು ನ್ಯಾಯಮೂರ್ತಿಯೊಬ್ಬರಿಗೆ ನೇರವಾಗಿ ಪತ್ರ ಬರೆದರು. ಸರ್ವೋಚ್ಚ ನ್ಯಾಯಾಲಯ ಆ ಪತ್ರವನ್ನೇ ಅರ್ಜಿಯೆಂದು ಎಣಿಸಿ 1979ರ ಡಿಸೆಂಬರಿನಲ್ಲಿ ತೀರ್ಪು ನೀಡಿತು.

ನಮ್ಮ ಬೆಂಗಳೂರಿನ ಪ್ರಕರಣ ಇನ್ನೂ ಬೋಧಪ್ರದ. 1984ರ ಏಪ್ರಿಲ್ 12ರಂದು ಕೇಂದ್ರ ಕಾರಾಗೃಹದ ಕೈದಿ ರಾಮಮೂರ್ತಿ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ದುಡಿಮೆಗೆ ತಕ್ಕ ಕೂಲಿಯಿಲ್ಲ, ಊಟ ತಿನ್ನುವಂತಿಲ್ಲ, ಹಿಂಸೆಯಿದೆ ಎಂಬುದು ಅದರ ಸಾರ. ವಿವರ ಸಾಲದೆಂದು ನ್ಯಾಯಾಲಯ ಪತ್ರವನ್ನು ಹಿಂದಿರುಗಿಸಲಿಲ್ಲ. ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರನ್ನೇ ಜೈಲಿಗೆ ಕಳುಹಿಸಿ ಕೂಲಿ, ವಸತಿ, ನೈರ್ಮಲ್ಯ, ಊಟ, ಔಷಧಿಗಳ ಬಗ್ಗೆ ವಿಸ್ತಾರವಾದ ವರದಿ ತರಿಸಿಕೊಂಡಿತು. ರೋಗಿ "ಹೊಟ್ಟೆನೋವು" ಎಂದಷ್ಟೇ ಹೇಳುತ್ತಾನೆ. ಉಳಿದದ್ದನ್ನು ಪರೀಕ್ಷಿಸಿ ತುಂಬುವುದು ವೈದ್ಯನ ಕೆಲಸ. ಮನವಿಯ ಉದ್ದದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ಕಂಡಿಲ್ಲ.

ತೀರ್ಪು ಬಂದದ್ದು ಮಾತ್ರ 1996ರ ಡಿಸೆಂಬರ್ 23ರಂದು, ಹನ್ನೆರಡು ವರ್ಷ ಕಳೆದ ಮೇಲೆ! ಕಿಕ್ಕಿರಿದ ಕೋಣೆಗಳಿಂದ ಹಿಡಿದು ಒಟ್ಟು 9 ಸಮಸ್ಯೆಗಳನ್ನು ಅದು ಹೆಸರಿಸಿತು. ಆರೋಗ್ಯದ ಭಾಗವನ್ನು ನಮ್ಮ ವೃತ್ತಿಯವರು ಓದಲೇಬೇಕು: ಕೈದಿ ತನಗೆ ಬೇಕಾದ ವೈದ್ಯನ ಬಳಿಗೆ ಹೋಗಲಾರ, ಸೆರೆವಾಸವೇ ಅವನನ್ನು ಹೆಚ್ಚಿನ ರೋಗಕ್ಕೆ ಒಡ್ಡುತ್ತದೆ, ಆದ್ದರಿಂದ ಅವನ ಆರೋಗ್ಯದ ಹೊಣೆ ಸಮಾಜದ್ದು ಎಂದಿತು. ಎಲ್ಲ ಜೈಲುಗಳಲ್ಲಿ ದೂರು ಪೆಟ್ಟಿಗೆ ಇಡುವುದನ್ನೂ, ಕೈದಿಗಳ ಪತ್ರವ್ಯವಹಾರವನ್ನು ಸಡಿಲಿಸುವುದನ್ನೂ, 1894ರ ಕಾರಾಗೃಹ ಕಾಯಿದೆಯ ಬದಲು ಹೊಸದನ್ನು ತರುವುದನ್ನೂ ಪರಿಶೀಲಿಸಲು ಸರ್ಕಾರಗಳಿಗೆ ಸೂಚಿಸಿತು. ಪರಿಶೀಲಿಸಿ ಎಂಬುದು ಬಲು ಮೃದುವಾದ ಪದವೆಂದೇ ನಮ್ಮ ಅಭಿಪ್ರಾಯ.

ಆ ಜೈಲು 2000ದಲ್ಲಿ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡಿತು. ಹಳೆಯ ಆವರಣವೇ ಇಂದಿನ ಫ್ರೀಡಂ ಪಾರ್ಕ್. ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವವರು ಉಳಿಸಿರುವ ಕೋಣೆಗಳನ್ನು ತೋರಿಸಿ ಹೇಳಬಹುದು, ರಾಮಮೂರ್ತಿಯವರ ಪತ್ರ ಹೊರಟದ್ದು ಈ ಗೋಡೆಗಳ ಒಳಗಿನಿಂದ ಎಂದು.