ಗಾಜಿನ ಹಿಂಬದಿಯಲ್ಲಿ ಕಲಿತ ಪಾಠ

ನಕಲು ಮಾಡುವವನು ಕಲಾವಿದನಲ್ಲ ಎಂಬ ಮಾತು ಚಿತ್ರಕಲೆಯ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಜರ್ಮನಿಯ ಅಭಿವ್ಯಕ್ತಿವಾದಿ ಕಲಾವಿದೆ ಗ್ಯಾಬ್ರಿಯೆಲ್ ಮ್ಯುಂಟರ್ (1877–1962) ತಮ್ಮದೇ ಶೈಲಿ ಕಂಡುಕೊಂಡದ್ದರಲ್ಲಿ, ಹಳ್ಳಿಗಾಡಿನ ಕುಶಲಕರ್ಮಿಗಳ ಚಿತ್ರಗಳನ್ನು ನಕಲು ಮಾಡಿದ ಅಭ್ಯಾಸದ ಪಾಲು ದೊಡ್ಡದು.

ಆಗ ಮ್ಯೂನಿಕ್ ನಗರದ ಕಲಾ ಅಕಾಡೆಮಿಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಆ ಬಾಗಿಲು ತೆರೆದದ್ದು 1920ರಲ್ಲಿ. ಹೀಗಾಗಿ ಮ್ಯುಂಟರ್ 1902ರಲ್ಲಿ ಸೇರಿದ್ದು 'ಫಾಲಾಂಕ್ಸ್' ಎಂಬ ಖಾಸಗಿ ಶಾಲೆಗೆ. ರಷ್ಯಾದ ವಾಸಿಲಿ ಕಾಂಡಿನ್‌ಸ್ಕಿ ಅಲ್ಲಿ ಗುರುಗಳಾಗಿದ್ದರು. 1908ರಲ್ಲಿ ಇಬ್ಬರೂ ಯಾವ್ಲೆನ್‌ಸ್ಕಿ ಮತ್ತು ವೆರೆಫ್ಕಿನ್ ಅವರೊಡನೆ ಆಲ್ಪ್ಸ್ ತಪ್ಪಲಿನ ಮುರ್ನೌ ಎಂಬ ಪುಟ್ಟ ಊರಿಗೆ ಹೋಗಿ ಚಿತ್ರ ಬರೆದರು. ಮರುವರ್ಷ ಮ್ಯುಂಟರ್ ಅಲ್ಲೊಂದು ಮನೆಯನ್ನೇ ಕೊಂಡರು.

ಗಾಜಿನ ಹಿಂಬದಿಯಲ್ಲಿ ಸಂತರ ಪಟಗಳನ್ನು ಬರೆಯುವುದು ಆ ಸೀಮೆಯ ಹಳೆಯ ಕಸುಬು. ನಮ್ಮ ತಂಜಾವೂರಿನ ಗಾಜಿನ ಚಿತ್ರಗಳ ವಿಧಾನವೂ ಇದೇ. ಮುರ್ನೌದಲ್ಲಿ ಹೈನ್‌ರಿಶ್ ರಾಂಬೋಲ್ಡ್ ಎಂಬ ಕುಶಲಕರ್ಮಿ ಇನ್ನೂ ಈ ಕಸುಬು ಮಾಡುತ್ತಿದ್ದರು. ಮ್ಯುಂಟರ್ ಅವರಿಂದ ಕೆಲಸ ಕಲಿತು, ಹಳೆಯ ಪಟಗಳನ್ನು ಮೊದಲು ಹಾಗೆಯೇ ನಕಲು ಮಾಡಿದರು. ಅನಂತರ ಸ್ವಂತ ಚಿತ್ರಗಳನ್ನು ರಚಿಸಿದರು.

ಇಲ್ಲಿ ಕೆಲಸದ ಕ್ರಮವೇ ತಲೆಕೆಳಗು. ಕ್ಯಾನ್ವಾಸಿನಲ್ಲಿ ಕೊನೆಗೆ ಬರುವ ರೇಖೆ ಗಾಜಿನಲ್ಲಿ ಮೊದಲು ಬರಬೇಕು. ಮೊದಲು ಕಪ್ಪು ಗೆರೆ, ಆಮೇಲೆ ಅದರೊಳಗಿನ ಬಣ್ಣ, ಕಟ್ಟಕಡೆಗೆ ಹಿನ್ನೆಲೆ. ಮೇಲೆ ಬಣ್ಣ ಬಳಿದು ಮೊದಲ ಗೆರೆಯ ತಪ್ಪನ್ನು ಮುಚ್ಚುವಂತಿಲ್ಲ. ಆದ್ದರಿಂದ ಯಾವುದು ಮುಖ್ಯ, ಯಾವುದನ್ನು ಬಿಡಬೇಕು ಎಂಬುದನ್ನು ಆರಂಭದಲ್ಲೇ ನಿರ್ಧರಿಸಬೇಕಾಗುತ್ತದೆ. ಮ್ಯುಂಟರ್ ಪಡೆದ ಪಾಠ ಇದೇ.

1909ರಲ್ಲಿ ಅವರು ಬರೆದ ಯಾವ್ಲೆನ್‌ಸ್ಕಿ ಮತ್ತು ವೆರೆಫ್ಕಿನ್ ಅವರ ಚಿತ್ರದಲ್ಲಿ ಇದು ಎದ್ದುಕಾಣುತ್ತದೆ. ಹಸಿರು ಹುಲ್ಲಿನ ಮೇಲೆ ಇಬ್ಬರು, ಹಿಂದೆ ನೀಲಿ ಬೆಟ್ಟ. ಮುಖಗಳಲ್ಲಿ ಕಣ್ಣು ಮೂಗುಗಳಿಲ್ಲ. ಆದರೂ ಅವರ ವಿಶ್ರಾಂತಿಯ ಭಾವ ನೋಡುಗರಿಗೆ ತಲಪುತ್ತದೆ. 1912ರಲ್ಲಿ ಪ್ರಕಟವಾದ 'ನೀಲಿ ಸವಾರ' ಗ್ರಂಥದಲ್ಲಿ ಕಾಂಡಿನ್‌ಸ್ಕಿ ಮತ್ತು ಫ್ರಾನ್ಸ್ ಮಾರ್ಕ್ ಈ ಗಾಜಿನ ಪಟಗಳನ್ನು ಆಧುನಿಕ ಕೃತಿಗಳ ಪಕ್ಕದಲ್ಲೇ ಮುದ್ರಿಸಿದರು.

ನಾಜಿಗಳು ಇಂಥ ಕಲೆಯನ್ನು ಹೀನವೆಂದು ಸಾರಿದಾಗ, ಕಾಂಡಿನ್‌ಸ್ಕಿ ಮತ್ತು ಗೆಳೆಯರ ಕೃತಿಗಳನ್ನು ಮ್ಯುಂಟರ್ ಮುರ್ನೌ ಮನೆಯ ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಉಳಿಸಿದರು. 1957ರಲ್ಲಿ ಅವುಗಳನ್ನು ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಸಂಗ್ರಹಾಲಯಕ್ಕೆ ದಾನವಿತ್ತರು.

ಇಂದು ಮ್ಯುಂಟರ್ ಅವರ ಊರಚಿತ್ರವೊಂದನ್ನು ನೋಡಿ ಬರೆಯುವ ವಿದ್ಯಾರ್ಥಿಗೂ ಇದೇ ಪರೀಕ್ಷೆ. ಬಣ್ಣ ಹೊಂದಿಸುವುದು ಸುಲಭ. ಅವರು ಏನನ್ನು ಬಿಟ್ಟರು, ಏಕೆ ಬಿಟ್ಟರು ಎಂದು ಅರಿಯುವುದು ಕಷ್ಟ. ಅದನ್ನು ಅರಿತಲ್ಲಿಗೆ ನಕಲು ಮುಗಿದು ಕಲಿಕೆ ಶುರುವಾಗುತ್ತದೆ.