‘ನಂಬುತ್ತೇನೆ’: ಕೋಲಾರ ಸೀಮೆ ಮತ್ತು ಕ್ರೈಸ್ತ ವಿಶ್ವಾಸಪ್ರಮಾಣದ ವ್ಯಾಕರಣ

ಸಾರಾಂಶ: ಕ್ರೈಸ್ತ ವಿಶ್ವಾಸಪ್ರಮಾಣಗಳ ಅನುವಾದದ ಚರಿತ್ರೆಯನ್ನು ಸಾಮಾನ್ಯವಾಗಿ ಪಾರಿಭಾಷಿಕ ಪದಗಳ ಚರಿತ್ರೆಯೆಂದೇ ನೋಡಲಾಗುತ್ತದೆ. ಕನ್ನಡ, ತೆಲುಗು, ತಮಿಳುಗಳು ಕೂಡುವ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳನ್ನು ಗಮನದಲ್ಲಿಟ್ಟುಕೊಂಡ ಈ ಲೇಖನವು, ಆ ಪಠ್ಯದ ಅರ್ಥವನ್ನು ವಿಭಕ್ತಿ, ವಚನ ಮತ್ತು ಸರ್ವನಾಮಗಳೂ ಅಷ್ಟೇ ಬಲವಾಗಿ ನಿರ್ಣಯಿಸುತ್ತವೆ ಎಂದು ವಾದಿಸುತ್ತದೆ.

1. ಉತ್ತರವಾಗಿ ಹುಟ್ಟಿದ ಪಠ್ಯ

ಅಪೊಸ್ತಲರ ವಿಶ್ವಾಸಪ್ರಮಾಣದ ಬೇರು ಪಶ್ಚಿಮದ ಸಭೆಗಳ ದೀಕ್ಷಾಸ್ನಾನ ವಿಧಿಯಲ್ಲಿದೆ. ತಂದೆ, ಮಗ, ಪವಿತ್ರಾತ್ಮರನ್ನು ಕುರಿತು ಮೂರು ಬಾರಿ ‘ನಂಬುತ್ತೀಯಾ?’ ಎಂಬ ಪ್ರಶ್ನೆ; ಮೂರು ಬಾರಿಯೂ ‘ಕ್ರೇದೊ’ ಎಂಬ ಉತ್ತರ. ಈ ಉತ್ತರಗಳೇ ಬೆಳೆದು, 8ನೆಯ ಶತಮಾನದ ಹೊತ್ತಿಗೆ ಇಂದು ಬಳಕೆಯಲ್ಲಿರುವ ಅಖಂಡ ಪಠ್ಯದ ರೂಪ ತಾಳಿದವು. 325ರ ನಿಕೇಯ ಪ್ರಮಾಣದ ದಾರಿ ಬೇರೆ. ಅದು ಸಮ್ಮೇಳನವೊಂದರ ಸಾಮೂಹಿಕ ನಿರ್ಣಯ. ಆದ್ದರಿಂದ ಅದರ ಗ್ರೀಕ್ ಕ್ರಿಯಾಪದ ‘ಪಿಸ್ತೆವೊಮೆನ್’ ಉತ್ತಮಪುರುಷ ಬಹುವಚನದಲ್ಲಿದೆ.

ಲ್ಯಾಟಿನ್ನಿನಲ್ಲಿ ನಮ್ಮ ‘ಹೌದು’ ಎಂಬುದಕ್ಕೆ ಸರಿಸಾಟಿಯಾದ ಒಂದೇ ಪದವಿರಲಿಲ್ಲ. ಪ್ರಶ್ನೆಯ ಕ್ರಿಯಾಪದವನ್ನೇ ಮರಳಿ ನುಡಿಯುವುದು ಸಮ್ಮತಿಯ ಸಹಜ ರೀತಿಯಾಗಿತ್ತು. ಕನ್ನಡದಲ್ಲಿ ‘ಹೌದು’ ಇದ್ದರೂ ‘ಬರುತ್ತೀಯಾ?’ ಎಂಬುದಕ್ಕೆ ‘ಬರುತ್ತೇನೆ’ ಎಂದೇ ಉತ್ತರಿಸುತ್ತೇವೆ. ಸರ್ವನಾಮದ ಹಂಗಿಲ್ಲದ ‘ನಂಬುತ್ತೇನೆ’ ಒಂದು ಪೂರ್ಣ ವಾಕ್ಯ. ಪ್ರಮಾಣದ ಅತ್ಯಂತ ಹಳೆಯ ಪದರವು ಈ ಕಾರಣದಿಂದ ಕನ್ನಡಕ್ಕೆ ಅನಾಯಾಸವಾಗಿ ಒದಗುತ್ತದೆ.

2. ಕೋಲಾರಕ್ಕೆ ಬಂದ ಪ್ರಮಾಣ

1876–78ರ ಮಹಾಕ್ಷಾಮದ ಕಾಲದಲ್ಲಿ ಲೂಯಿಸಾ ಆನ್‌ಸ್ಟೀ ಅನಾಥ ಮಕ್ಕಳಿಗೆ ಆಶ್ರಯವಿತ್ತು ಬೆಳೆಸಿದ ಕೋಲಾರದ ಮಿಶನ್ 1890ರಲ್ಲಿ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಗೆ ಹಸ್ತಾಂತರವಾಯಿತು. ಈ ಸಭೆಯ ತಾತ್ತ್ವಿಕ ಪರಂಪರೆ ನಮ್ಮ ವಿಷಯಕ್ಕೆ ಮುಖ್ಯ. 1784ರಲ್ಲಿ ಜಾನ್ ವೆಸ್ಲಿ ಇಂಗ್ಲೆಂಡಿನ ಸಭೆಯ 39 ವಿಧಿಗಳನ್ನು ಅಮೆರಿಕದವರಿಗಾಗಿ 24ಕ್ಕೆ ಇಳಿಸಿದರು. ಅಮೆರಿಕದವರು ಒಂದನ್ನು ಸೇರಿಸಿ 25 ಮಾಡಿಕೊಂಡರು. ಮೂರು ಪ್ರಾಚೀನ ಪ್ರಮಾಣಗಳನ್ನು ಅಂಗೀಕರಿಸಬೇಕೆನ್ನುವ 8ನೆಯ ವಿಧಿಯನ್ನು ವೆಸ್ಲಿ ಕೈಬಿಟ್ಟಿದ್ದರು. ಆದರೆ ಅಪೊಸ್ತಲರ ಪ್ರಮಾಣವನ್ನು ಆರಾಧನೆಯಲ್ಲಿ ಉಳಿಸಿಕೊಂಡರು. ವಯಸ್ಕರ ದೀಕ್ಷಾಸ್ನಾನದಲ್ಲಿ ಅದು ಪ್ರಶ್ನೆಯ ರೂಪದಲ್ಲಿಯೇ ಉಳಿಯಿತು. ಎಂದರೆ, ಕೋಲಾರಕ್ಕೆ ಬಂದ ಪರಂಪರೆಯಲ್ಲಿ ಪ್ರಮಾಣವು ಶಾಸನದ ವಿಧಿಯಾಗಿರಲಿಲ್ಲ; ಬಾಯಲ್ಲಿ ನುಡಿಯುವ ಉತ್ತರವಾಗಿತ್ತು.

ಇಲ್ಲಿಯೇ ಒಂದು ತೊಡಕಿದೆ. ಕ್ಷಾಮದಲ್ಲಿ ತಾಯಿತಂದೆಯರನ್ನು ಕಳೆದುಕೊಂಡು, ಅನ್ನವಿತ್ತ ಸಂಸ್ಥೆಯ ಆವರಣದಲ್ಲಿ ನಿಂತ ಮಗುವಿನ ‘ನಂಬುತ್ತೇನೆ’ ಎಂತಹ ಉಕ್ತಿ? ಕ್ರಿಯಾಪದದ ಕೊನೆಯ ‘-ಏನೆ’ ಪ್ರತ್ಯಯವು ವ್ಯಾಕರಣದ ಕರ್ತೃವನ್ನು ತೋರಿಸುತ್ತದೆ. ಇಚ್ಛೆಯ ಕರ್ತೃವನ್ನು ತೋರಿಸಲಾರದು. ಆ ಉತ್ತರವನ್ನು ಬರಿಯ ಕಂಠಪಾಠವೆಂದು ತಳ್ಳಿಹಾಕುವುದೂ ಮುಕ್ತ ಆಯ್ಕೆಯೆಂದು ಕೊಂಡಾಡುವುದೂ ಪ್ರತ್ಯಯವೊಂದರ ಮೇಲೆ ಸಲ್ಲದ ಭಾರ ಹೊರಿಸಿದಂತೆ.

3. ದ್ವಿತೀಯಾ ವಿಭಕ್ತಿಯ ಪರಿಣಾಮ

ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ಶ್ರಮದಿಂದ 1831ರ ವೇಳೆಗೆ ಇಡೀ ಬೈಬಲ್ ಕನ್ನಡದಲ್ಲಿ ಲಭ್ಯವಾಗಿತ್ತು. ಕನ್ನಡ ಪ್ರಾಟೆಸ್ಟೆಂಟ್ ಆರಾಧನೆಯ ಭಾಷೆಯಲ್ಲಿ ನೆಲೆನಿಂತ ಕ್ರಿಯಾಪದ ‘ನಂಬು’. ವಚನಕಾರರೂ ಹರಿದಾಸರೂ ಭಕ್ತಿಯ ಅರ್ಥದಲ್ಲಿ ಬಳಸಿ ಹದಗೊಳಿಸಿದ್ದ ಪದವಿದು. ತೆಲುಗಿನ ‘ನಮ್ಮು’, ತಮಿಳಿನ ‘ನಂಬು’ ಇದರ ಸಜಾತಿಗಳು. ಆದರೆ ತಮಿಳು ಪ್ರಮಾಣದಲ್ಲಿ ಸಂಸ್ಕೃತಜನ್ಯವಾದ ‘ವಿಸುವಾಸಿ’ ಎಂಬ ಧಾತು ಬಳಕೆಗೆ ಬಂದಿತು. ಕನ್ನಡದ ಕಥೋಲಿಕ ಬಳಕೆಯಲ್ಲೂ ‘ವಿಶ್ವಾಸ’ಕ್ಕೆ ಪ್ರಾಶಸ್ತ್ಯವಿದೆ.

ಪದದ ಆಯ್ಕೆಗಿಂತ ವಿಭಕ್ತಿಯ ಆಯ್ಕೆ ಹೆಚ್ಚು ಗಂಭೀರವಾದುದು. ಲ್ಯಾಟಿನ್ನಿನ ಮೂರು ರಚನೆಗಳನ್ನು ಅಗಸ್ಟೀನ್ ಬೇರ್ಪಡಿಸಿದ್ದರು: ದೇವರ ಮಾತನ್ನು ನಂಬುವುದು, ದೇವರಿದ್ದಾನೆಂದು ನಂಬುವುದು, ದೇವರಲ್ಲಿ ನೆಲೆಗೊಳ್ಳುವಂತೆ ನಂಬುವುದು. ಮೂರನೆಯದಕ್ಕೆ ಮಾತ್ರ ‘ಇನ್’ ಎಂಬ ಉಪಸರ್ಗ ಬರುತ್ತದೆ. ಸುಮಾರು 404ರಲ್ಲಿ ಪ್ರಮಾಣಕ್ಕೆ ವ್ಯಾಖ್ಯಾನ ಬರೆದ ರುಫಿನಸ್, ಈ ‘ಇನ್’ ತಂದೆ, ಮಗ, ಪವಿತ್ರಾತ್ಮರಿಗೆ ಮಾತ್ರ ಸಲ್ಲುತ್ತದೆ, ಸಭೆ ಮತ್ತು ಪಾಪಕ್ಷಮೆಗಳಿಗೆ ಸಲ್ಲದು ಎಂದರು. ಅವರ ದೃಷ್ಟಿಯಲ್ಲಿ ಸೃಷ್ಟಿಕರ್ತನಿಗೂ ಸೃಷ್ಟಿಗೂ ನಡುವಣ ಗೆರೆಯನ್ನು ಆ ಒಂದು ಅಕ್ಷರಗುಚ್ಛವೇ ಕಾಯುತ್ತಿತ್ತು.

‘ನಂಬು’ ಸಕರ್ಮಕ. ದೇವರನ್ನು, ಪವಿತ್ರಾತ್ಮನನ್ನು, ಸಭೆಯನ್ನು, ಕ್ಷಮೆಯನ್ನು ಎಂದು ಎಲ್ಲಕ್ಕೂ ಒಂದೇ ‘-ಅನ್ನು’ ಪ್ರತ್ಯಯ ಹತ್ತುತ್ತದೆ. ರುಫಿನಸ್ ಎಳೆದ ಗೆರೆ ಅಳಿಸಿಹೋಗುತ್ತದೆ. ‘ದೇವರಲ್ಲಿ ವಿಶ್ವಾಸವಿಡು’ ಎಂಬ ಸಪ್ತಮೀ ರಚನೆಯಿಂದ ಆ ಭೇದವನ್ನು ಉಳಿಸಿಕೊಳ್ಳಬಹುದು. ಆದರೆ ಆಗ ಒಂದೇ ಪದದ ಉತ್ತರದ ಬಿಗಿ ಸಡಿಲವಾಗುತ್ತದೆ. ಲಾಭನಷ್ಟಗಳೆರಡೂ ಇಲ್ಲಿ ವ್ಯಾಕರಣದವೇ.

4. ಯಾರು ಈ ‘ನಾವು’?

1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಮೈಸೂರು ಸೀಮೆಯ ಬ್ರಿಟಿಷ್ ಮೂಲದ ವೆಸ್ಲಿಯನ್ ಸಭೆಗಳು ಅದರಲ್ಲಿ ಸೇರಿದವು. ಅಮೆರಿಕ ಮೂಲದ ಮೆಥಡಿಸ್ಟರು ಹೊರಗುಳಿದರು. ಎರಡನೆಯ ವ್ಯಾಟಿಕನ್ ಸಮ್ಮೇಳನವು 1963ರಲ್ಲಿ ಹೊರಡಿಸಿದ ಆರಾಧನಾವಿಧಿಯ ಶಾಸನದ ನಂತರ ಕಥೋಲಿಕರ ಬಲಿಪೂಜೆಯಲ್ಲಿ ಲ್ಯಾಟಿನ್ ಪ್ರಮಾಣದ ಸ್ಥಾನಕ್ಕೆ ದೇಶಭಾಷೆಗಳು ಬಂದವು. 20ನೆಯ ಶತಮಾನದ ಉತ್ತರಾರ್ಧದ ಸುಧಾರಣೆಗಳಲ್ಲಿ ನಿಕೇಯ ಪ್ರಮಾಣವನ್ನು ಮತ್ತೆ ಬಹುವಚನದಲ್ಲಿ ನುಡಿಯಬೇಕೆಂಬ ಒಲವು ಇಂಗ್ಲಿಷಿನಲ್ಲಿ ಪ್ರಬಲವಾಯಿತು.

ಈ ಸುಧಾರಣೆ ಕನ್ನಡದಲ್ಲಿ ಸುಲಭ: ‘ನಂಬುತ್ತೇವೆ’. ಆದರೆ ಮುಳಬಾಗಿಲು, ಶ್ರೀನಿವಾಸಪುರಗಳು ಆಂಧ್ರದ ಗಡಿಗೂ ಮಾಲೂರು ತಮಿಳುನಾಡಿನ ಗಡಿಗೂ ತಾಗಿವೆ. ಮನೆಮಾತು ಒಂದು, ಶಾಲೆಯ ಮಾತು ಇನ್ನೊಂದು ಎನ್ನುವುದು ಇಲ್ಲಿ ನಿತ್ಯದ ಸಂಗತಿ. ತೆಲುಗಿನಲ್ಲಿ ಕೇಳುಗನನ್ನು ಒಳಗೊಂಡ ‘ಮನಮು’ ಬೇರೆ, ಹೊರಗಿಟ್ಟ ‘ಮೇಮು’ ಬೇರೆ; ತಮಿಳಿನಲ್ಲಿ ‘ನಾಮ್’ ಮತ್ತು ‘ನಾಂಗಳ್’ ಹಾಗೆಯೇ. ದೇವರ ಮುಂದೆ ಒಪ್ಪಿ ನುಡಿಯುವಾಗ ಹೊರಗಿಡುವ ರೂಪ ಸರಿ. ಪಕ್ಕದವನೊಡನೆ ಒಂದಾಗಿ ನುಡಿಯುವಾಗ ಒಳಗೊಳ್ಳುವ ರೂಪ ಸರಿ. ಇನ್ನೂ ದೀಕ್ಷೆ ಪಡೆಯದವನು ಎದುರಿಗೆ ನಿಂತಿದ್ದರೆ ಮತ್ತೆ ಹೊರಗಿಡುವ ರೂಪವೇ. ಪ್ರಮಾಣವನ್ನು ಯಾರಿಗೆ ನುಡಿಯುತ್ತೇವೆ ಎಂಬ ಪ್ರಶ್ನೆಯನ್ನು ಗ್ರೀಕ್, ಲ್ಯಾಟಿನ್, ಇಂಗ್ಲಿಷುಗಳ ವ್ಯಾಕರಣ ಎಂದೂ ಒತ್ತಿ ಕೇಳಿರಲಿಲ್ಲ. ಕೋಲಾರ ಸೀಮೆಯ ಎರಡು ನೆರೆಭಾಷೆಗಳು ಸರ್ವನಾಮವನ್ನು ಬಳಸಿದ ಕೂಡಲೇ ಕೇಳುತ್ತವೆ. ಕನ್ನಡದ ‘ನಾವು’ ಆ ಪ್ರಶ್ನೆಗೆ ಉತ್ತರಿಸದೆ ಎಲ್ಲರಿಗೂ ಎಡೆಗೊಡುತ್ತದೆ.

5. ಉಪಸಂಹಾರ

ಗಡಿ ಸೀಮೆಯ ಆರಾಧನಾಭಾಷೆಯನ್ನು ಅಧ್ಯಯನ ಮಾಡುವವರು ಪದಪಟ್ಟಿಯ ಜೊತೆಗೆ ಮೂರು ಸಂಗತಿಗಳನ್ನು ದಾಖಲಿಸಬೇಕೆಂಬುದು ನಮ್ಮ ಸೂಚನೆ: ನಂಬಿಕೆಯ ಕ್ರಿಯಾಪದಕ್ಕೆ ಬರುವ ವಿಭಕ್ತಿ, ಪ್ರಶ್ನೆಗೆ ಕೊಡುವ ಉತ್ತರದ ರೂಪ, ಮತ್ತು ಬಹುವಚನದಲ್ಲಿ ಕೇಳುಗನ ಸ್ಥಾನ. ಸಮ್ಮೇಳನಗಳಲ್ಲಿ ಪ್ರಮಾಣದ ಪಾಠ ನಿಶ್ಚಯವಾಗಿರಬಹುದು. ಅದು ಯಾರ ಮಾತು, ಯಾರಿಗೆ ಹೇಳಿದ ಮಾತು ಎಂಬುದು ನುಡಿಯುವವರ ಭಾಷೆಯಲ್ಲಿ ಪ್ರತಿ ಬಾರಿಯೂ ಹೊಸದಾಗಿ ನಿಶ್ಚಯವಾಗುತ್ತದೆ.